ಗಿರಿಯ ದಾರಿಯಲ್ಲಿ ಗೆಳೆಯರ ಸೈಕಲ್ಲು

ಬೈಸಿಕಲ್ಲು ಬಯಲುಸೀಮೆಯ ಕೂಸು. ಸಮನೆಲದ ಮೇಲೆ ಅದರಷ್ಟು ಅಲ್ಪ ಶ್ರಮಕ್ಕೆ ಅಧಿಕ ಫಲ ಕೊಡುವ ವಾಹನ ಮತ್ತೊಂದಿಲ್ಲ. ಆದರೆ ನೆಲ ಕೊಂಚ ಏರಿತೆಂದರೆ, ಸವಾರನನ್ನು ಹೊರಬೇಕಾದ ವಾಹನವನ್ನು ಸವಾರನೇ ಹೊರಬೇಕಾದ ಪ್ರಸಂಗ ಒದಗುತ್ತದೆ. ವಿಜಯಪುರ, ಬಾಗಲಕೋಟೆಗಳ ಕಡೆ ಸೈಕಲ್ ಪಂದ್ಯದ ಪಟುಗಳು ತಲೆಮಾರಿನಿಂದ ತಲೆಮಾರಿಗೆ ಬೆಳೆದುಬಂದಿದ್ದರೂ, ಮಲೆನಾಡಿನಲ್ಲಿ ಸೈಕಲ್ಲು ಬಹುಕಾಲ ಪೇಟೆಬೀದಿಯನ್ನು ಬಿಟ್ಟು ಹೆಚ್ಚು ದೂರ ಹೋಗಲಿಲ್ಲ. ಮಲೆಯವರು ನಡೆದರು, ಹೊರೆಯಿದ್ದರೆ ಹೇರೆತ್ತಿನ ಮೇಲೆ ಹೇರಿದರು. 2006-07ರಲ್ಲಿ ರಾಜ್ಯ ಸರ್ಕಾರ ಶಾಲೆಯ ಮಕ್ಕಳಿಗೆ ಸೈಕಲ್ಲು ಹಂಚುವ ಯೋಜನೆಯನ್ನು ಆರಂಭಿಸಿದ ಮೇಲೆ, ಗೇರುಗಳಿಲ್ಲದ ಆ ಗಾಡಿಯನ್ನು ಏರಿನಲ್ಲಿ ತಳ್ಳಿಕೊಂಡು ಹೋಗಿ, ಇಳಿಜಾರಿನಲ್ಲಿ ಕಾಲೆತ್ತಿ ಕುಳಿತು ಬರುವ ಹುಡುಗ ಹುಡುಗಿಯರು ಮಲೆನಾಡಿನ ರಸ್ತೆಗಳಲ್ಲೂ ಕಾಣಿಸಿಕೊಂಡರು. ಬೆಟ್ಟದ ಸೈಕಲ್ ಸವಾರಿಯ ತತ್ತ್ವವೆಲ್ಲ ಆ ಮಕ್ಕಳಿಗೆ ಯಾರೂ ಹೇಳಿಕೊಡದೆ ತಿಳಿದಿತ್ತು.

ಈಚಿನ ವರ್ಷಗಳಲ್ಲಿ ಬೇರೊಂದು ಬಗೆಯ ಸವಾರರು ಈ ಕಡೆಗೆ ಬರುತ್ತಿದ್ದಾರೆ. ವಾರದ ಕೊನೆಯಲ್ಲಿ ಬೆಂಗಳೂರು, ಮೈಸೂರು, ಮಂಗಳೂರುಗಳಿಂದ ನಾಲ್ಕಾರು ಮಂದಿ ಗೆಳೆಯರು ದಪ್ಪ ಟೈರಿನ ಸೈಕಲ್ಲುಗಳನ್ನು ಕಾರಿನ ಬೆನ್ನಿಗೆ ಕಟ್ಟಿಕೊಂಡು ಚಿಕ್ಕಮಗಳೂರಿಗೆ ಬಂದಿಳಿಯುತ್ತಾರೆ. ಕೆಲವರು ಚಂದ್ರದ್ರೋಣ ಪರ್ವತವನ್ನು ಏರುತ್ತಾರೆ. ಕೆಲವರು ಮೂಡಿಗೆರೆಯ ತೋಟಗಳ ಒಳದಾರಿ ಹಿಡಿಯುತ್ತಾರೆ. ಇನ್ನೂ ಹುಮ್ಮಸ್ಸಿನವರು ಕೊಟ್ಟಿಗೆಹಾರ, ಬಾಳೂರುಗಳ ಮೂಲಕ ಕಳಸದವರೆಗೆ ಹೋಗುತ್ತಾರೆ. ನೋಡುವವರಿಗೆ ಇದು ವೇಗದ ಆಟದಂತೆ ತೋರುವುದು ಸಹಜ. ಆದರೆ ಸಮೀಪದಿಂದ ಬಲ್ಲವರಿಗೆ ಇದರ ಮುಖ್ಯ ವಿದ್ಯೆ ಕಾಯುವುದೆಂದು ತೋರೀತು. ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ.

ಆಟದ ಹುಟ್ಟು

ಜರ್ಮನಿಯ ಕಾರ್ಲ್ ಡ್ರೈಸ್ ಎಂಬಾತ 1817ರಲ್ಲಿ ಪೆಡಲುಗಳಿಲ್ಲದ ಎರಡು ಚಕ್ರದ ಯಂತ್ರವನ್ನು, ನೆಲಕ್ಕೆ ಕಾಲು ಒದೆದುಕೊಂಡು ಓಡಿಸಿ ತೋರಿಸಿದ. ಇಂಗ್ಲೆಂಡಿನಲ್ಲಿ 1885ರ ಹೊತ್ತಿಗೆ ಎರಡು ಸಮಾನ ಚಕ್ರಗಳ, ಚೈನಿನ ಬೈಸಿಕಲ್ಲು ರೂಪುಗೊಂಡಿತು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರನ್ನು ಕೊಟ್ಟ. ಅಲ್ಲಿಗೆ ಇಂದಿನ ಸೈಕಲ್ಲಿನ ಅಂಗಾಂಗಗಳೆಲ್ಲ ಬಹುಮಟ್ಟಿಗೆ ಸಿದ್ಧವಾದುವೆನ್ನಬೇಕು. ಆದರೆ ಬೆಟ್ಟಕ್ಕೆಂದೇ ಒಂದು ಸೈಕಲ್ಲು ಹುಟ್ಟಲು ಮತ್ತೆ ಸುಮಾರು ತೊಂಬತ್ತು ವರ್ಷ ಬೇಕಾಯಿತು.

ಅದು ಹುಟ್ಟಿದ್ದು ಕ್ಯಾಲಿಫೋರ್ನಿಯದ ಮರಿನ್ ಎಂಬ ಸೀಮೆಯಲ್ಲಿ, ಟಮಲ್ಪೈಸ್ ಪರ್ವತದ ಸುತ್ತಮುತ್ತ. ಹುಟ್ಟಿಸಿದವರು ಯಾವ ಕಾರ್ಖಾನೆಯವರೂ ಅಲ್ಲ, ಒಂದು ಗೆಳೆಯರ ಗುಂಪು. ತಮ್ಮ ತಂದೆಯರ ಕಾಲದ, ದಪ್ಪ ಟೈರಿನ ಭಾರವಾದ ಹಳೆಯ ಸೈಕಲ್ಲುಗಳನ್ನು ಅಗ್ಗಕ್ಕೆ ಕೊಂಡು, ದುರಸ್ತಿ ಮಾಡಿ, ಅವರು ಬೆಟ್ಟದ ಮಣ್ಣುದಾರಿಯಲ್ಲಿ ಇಳಿಯತೊಡಗಿದರು. 1976ರ ಅಕ್ಟೋಬರ್ 21ರಂದು ಅವರೊಳಗೆ ಮೊದಲ ಪಂದ್ಯ ನಡೆಯಿತು. ಆ ದಾರಿ ಮೂರು ಕಿಲೋಮೀಟರಿನಷ್ಟರಲ್ಲಿ ಸುಮಾರು 400 ಮೀಟರು ಇಳಿಯುತ್ತಿತ್ತು. ಹಳೆಯ ಸೈಕಲ್ಲುಗಳ ಬ್ರೇಕು ಹಿಂದಿನ ಚಕ್ರದ ಗುಂಭದೊಳಗೇ ಇದ್ದುದರಿಂದ, ಒಮ್ಮೆ ಇಳಿಯುವಷ್ಟರಲ್ಲಿ ಅಲ್ಲಿನ ಗ್ರೀಸೆಲ್ಲ ಕಾದು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಬಿಚ್ಚಿ ಹೊಸದಾಗಿ ಗ್ರೀಸು ತುಂಬಬೇಕಾಗುತ್ತಿತ್ತು. ಆದುದರಿಂದ ಆ ದಾರಿಗೆ ‘ರೀಪ್ಯಾಕ್’, ಅಂದರೆ ‘ಮತ್ತೆ ತುಂಬು’, ಎಂಬ ಹೆಸರೇ ನಿಂತುಹೋಯಿತು. ಮರುವರ್ಷ ಅವರಲ್ಲೊಬ್ಬನಾದ ಜೋ ಬ್ರೀಝ್ ಬೆಟ್ಟಕ್ಕೆಂದೇ ಹೊಸ ಫ್ರೇಮು ಕಟ್ಟಿದ. ಇಪ್ಪತ್ತು ವರ್ಷದೊಳಗೆ, 1996ರ ಅಟ್ಲಾಂಟ ಒಲಿಂಪಿಕ್ಸಿನಲ್ಲಿ, ಈ ಆಟಕ್ಕೆ ಸ್ಥಾನ ದೊರೆಯಿತು. ನಮ್ಮ ನೆರೆಯ ಕೇರಳದ ಪೊನ್ಮುಡಿ ಬೆಟ್ಟದಲ್ಲಿ 2023ರ ಅಕ್ಟೋಬರಿನಲ್ಲಿ ಏಷ್ಯಾ ಖಂಡದ ಪಂದ್ಯಗಳೇ ನಡೆದುವು.

ಏರುವ ಲೆಕ್ಕ

ಯೂರೋಪಿನ ಆಲ್ಪ್ಸ್ ಪರ್ವತದಲ್ಲಿ, ಚಳಿಗಾಲದಲ್ಲಿ ಹಿಮದ ಮೇಲೆ ಜಾರುವವರನ್ನು ಮೇಲಕ್ಕೆ ಸಾಗಿಸುವ ತಂತಿಯ ತೊಟ್ಟಿಲುಗಳೇ ಬೇಸಗೆಯಲ್ಲಿ ಸೈಕಲ್ಲುಗಳನ್ನೂ ಸವಾರರನ್ನೂ ಹೊತ್ತೊಯ್ಯುತ್ತವೆ. ಅಲ್ಲಿ ಇಳಿಯುವುದೇ ಆಟ. ನಮ್ಮ ಗಿರಿಯಲ್ಲಿ ಆ ಅನುಕೂಲವಿಲ್ಲ. ಇಲ್ಲದಿರುವುದೇ ಒಳ್ಳೆಯದೆಂದು ನನ್ನ ಮತ. ಜೀಪು ಬಾಡಿಗೆಗೆ ಹಿಡಿದು ಸೈಕಲ್ಲನ್ನು ಮೇಲಕ್ಕೆ ಸಾಗಿಸುವವರೂ ಉಂಟು. ಅವರಿಗೆ ಬೆಟ್ಟದ ಅರ್ಧ ಮಾತ್ರ ಸಿಗುತ್ತದೆ.

ಚಿಕ್ಕಮಗಳೂರು ಪಟ್ಟಣ ಸಮುದ್ರಮಟ್ಟದಿಂದ ಸುಮಾರು 1,090 ಮೀಟರು ಎತ್ತರದಲ್ಲಿದೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರು. ಇಪ್ಪತ್ತು ಕಿಲೋಮೀಟರಿನಷ್ಟು ದಾರಿಯಲ್ಲಿ ಏರಬೇಕಾದುದು 840 ಮೀಟರು. ಸವಾರ ಮತ್ತು ಸೈಕಲ್ಲು ಸೇರಿ 84 ಕಿಲೋ ತೂಗಿದರೆ, ಅಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಎತ್ತುವ ಕೆಲಸ ಸುಮಾರು 165 ಕಿಲೋಕ್ಯಾಲೊರಿಯಷ್ಟಾಗುತ್ತದೆ. ಮನುಷ್ಯದೇಹ ತಾನು ಸುಡುವ ಆಹಾರದಲ್ಲಿ ಕಾಲುಭಾಗವನ್ನಷ್ಟೇ ಇಂಥ ಕೆಲಸಕ್ಕೆ ಒಪ್ಪಿಸುವುದರಿಂದ, ನಿಜವಾಗಿ ಖರ್ಚಾಗುವುದು ಅದರ ನಾಲ್ಕರಷ್ಟು. ಎಂದರೆ ಒಂದು ಹೊಟ್ಟೆತುಂಬ ಊಟ. ಮೇಲಾಗಿ ಶಿಖರದ ಹತ್ತಿರ ಗಾಳಿಯ ಒತ್ತಡ ಕಡಲ ತೀರದಲ್ಲಿರುವುದಕ್ಕಿಂತ ಐದರಲ್ಲೊಂದು ಪಾಲು ಕಡಮೆ. ಮಂಗಳೂರಿನಿಂದ ನೇರವಾಗಿ ಬಂದವನು ಹೆಚ್ಚು ಏದುಸಿರು ಬಿಟ್ಟರೆ ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ.

ಕೈಮರವನ್ನು ದಾಟಿದ ಮೇಲೆ ದಾರಿ ತಿರುತಿರುಗಿ ಏರುತ್ತದೆ. ಮೊದಲು ಕಾಫಿಯ ತೋಟ. ಸಿಲ್ವರ್ ಓಕಿನ ನೆಟ್ಟನೆಯ ಕಾಂಡಗಳ ನಡುವೆ, ಕಾಳುಮೆಣಸಿನ ಬಳ್ಳಿ ಹಬ್ಬಿದ ಮರಗಳ ನೆರಳಿನಲ್ಲಿ, ಸಾಲುಸಾಲಾಗಿ ಗಿಡಗಳು. ಬಾಬಾ ಬುಡನ್ ಎಂಬ ಸೂಫಿ ಸಂತರು ಹದಿನೇಳನೆಯ ಶತಮಾನದಲ್ಲಿ ಯೆಮನ್ ದೇಶದಿಂದ ಏಳು ಬೀಜಗಳನ್ನು ತಂದು ಇದೇ ಗಿರಿಯಲ್ಲಿ ಬಿತ್ತಿದರೆಂಬ ಪ್ರತೀತಿಯನ್ನು ಯಾರು ತಾನೆ ಕೇಳಿಲ್ಲ? ಇನ್ನೂ ಮೇಲೆ ಹೋದಂತೆ ತೋಟ ಹಿಂದುಳಿಯುತ್ತದೆ. ಕಣಿವೆಯ ಮಡಿಲುಗಳಲ್ಲಿ ಮಾತ್ರ ಶೋಲಾ ಕಾಡು. ಉಳಿದುದೆಲ್ಲ ಬೋಳು ಹುಲ್ಲುಗುಡ್ಡ. ಹಲವು ವರ್ಷಗಳಿಗೊಮ್ಮೆ ಹೂಬಿಡುವ ಕುರಿಂಜಿ 2022ರಲ್ಲಿ ಈ ಗುಡ್ಡಗಳ ಮೇಲೆ ನೀಲಿಯ ಹಾಸು ಹಾಸಿದ್ದನ್ನು ಕಂಡವರು ಮರೆಯಲಾರರು. ಕಾರಿನಲ್ಲಿ ಮುಕ್ಕಾಲು ಗಂಟೆಯಲ್ಲಿ ಮುಗಿದುಹೋಗುವ ಈ ಪಲ್ಲಟವನ್ನು ಸೈಕಲ್ಲಿನ ಸವಾರ ಎರಡು ಮೂರು ಗಂಟೆ ಅನುಭವಿಸುತ್ತಾನೆ. ಗಾಳಿ ಯಾವ ತಿರುವಿನಲ್ಲಿ ತಣ್ಣಗಾಯಿತು, ಕಾಫಿಯ ಕೊನೆಯ ಗಿಡ ಎಲ್ಲಿ ನಿಂತಿತು, ಮಂಜು ಯಾವ ಕಡೆಯಿಂದ ಎದ್ದಿತು ಎಂಬುದನ್ನು ಅವನ ಮೈಯೇ ಬರೆದಿಟ್ಟುಕೊಳ್ಳುತ್ತದೆ.

ಕೊನೆಯವನ ವೇಗ

ಒಬ್ಬನೇ ಏರುವುದಕ್ಕೂ ಗೆಳೆಯರೊಡನೆ ಏರುವುದಕ್ಕೂ ಬಹಳ ವ್ಯತ್ಯಾಸವಿದೆ. ಒಬ್ಬನೇ ಇದ್ದರೆ ಹೋರಾಟ ಬೆಟ್ಟದೊಡನೆ, ಐವರಿದ್ದರೆ ತಮ್ಮೊಳಗೇ. ಬಲಿಷ್ಠನಾದವನು ಮುಂದೆ ಹೋಗುತ್ತಾನೆ, ತಿರುವಿನಲ್ಲಿ ಮರೆಯಾಗುತ್ತಾನೆ. ಹಿಂದುಳಿದವನು ಅವನನ್ನು ಹಿಡಿಯಬೇಕೆಂದು ಶಕ್ತಿಮೀರಿ ತುಳಿದು, ಅರ್ಧದಾರಿಯಲ್ಲಿ ಮೀನಖಂಡ ಹಿಡಿದುಕೊಂಡು ಕೂರುತ್ತಾನೆ. ಮುಂದಿನವನು ಒಂದು ಕವಲಿನಲ್ಲಿ ಎಡಕ್ಕೆ ತಿರುಗಿರುತ್ತಾನೆ, ನಡುವಿನವರು ಬಲಕ್ಕೆ. ಮೊಬೈಲಿಗೆ ಸಂಕೇತ ಸಿಗದ ಕಣಿವೆಗಳು ಇಲ್ಲಿ ಬೇಕಾದಷ್ಟಿವೆ. ಸಂಜೆಯ ಮಂಜು ಇಳಿದ ಮೇಲೆ ಹತ್ತು ಮಾರು ದೂರದ ಗೆಳೆಯನೂ ಕಾಣುವುದಿಲ್ಲ.

ಆದುದರಿಂದ ಅನುಭವಿಗಳ ತಂಡಗಳಲ್ಲಿ ಕೆಲವು ಕಟ್ಟಳೆಗಳು ತಾವಾಗಿಯೇ ಬೆಳೆದುಬಂದಿವೆ. ದಾರಿ ಬಲ್ಲವನೊಬ್ಬ ಮುಂದೆ, ದುರಸ್ತಿ ಬಲ್ಲವನೊಬ್ಬ ಎಲ್ಲರಿಗಿಂತ ಹಿಂದೆ. ಪಂಪು, ಟ್ಯೂಬು, ಚೈನಿನ ಕೊಂಡಿ, ಗಾಯಕ್ಕೆ ಕಟ್ಟುವ ಪಟ್ಟಿ ಇವೆಲ್ಲ ಹಿಂದಿನವನ ಚೀಲದಲ್ಲಿರಬೇಕು. ಏಕೆಂದರೆ ಮುರಿದ ಸೈಕಲ್ಲನ್ನು ದಾಟಿ ಅವನೊಬ್ಬನು ಮುಂದೆ ಹೋಗುವಂತಿಲ್ಲ. ಪ್ರತಿಯೊಂದು ಕವಲಿನಲ್ಲಿಯೂ ಮುಂದಿನವನು ನಿಂತು, ಕೊನೆಯವನ ಮುಖ ಕಂಡ ಮೇಲೆಯೇ ಹೊರಡಬೇಕು. ಈ ನಿಯಮದಲ್ಲಿ ಒಂದು ಸೂಕ್ಷ್ಮವೂ ಇದೆ. ಮುಂದಿನವರು ಹತ್ತು ನಿಮಿಷ ದಣಿವಾರಿಸಿಕೊಂಡು, ಕೊನೆಯವನು ಬಂದೊಡನೆಯೇ ‘ಹೊರಡೋಣವೇ?’ ಎಂದು ಎದ್ದರೆ, ಯಾರಿಗೆ ವಿಶ್ರಾಂತಿ ಅತ್ಯಗತ್ಯವೋ ಅವನಿಗೇ ಅದು ಸಿಗಲಿಲ್ಲವೆಂದಾಯಿತು. ನಿಜವಾದ ಗೆಳೆಯರು ಅವನು ಬಂದ ಮೇಲೆ ಮತ್ತೊಮ್ಮೆ ಕೂರುತ್ತಾರೆ. ಹಳೆಯ ತರಗತಿಗಳಲ್ಲಿ ಪಾಠ ಹೇಳಿದ ಉಪಾಧ್ಯಾಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಂದಿನ ಬೆಂಚಿನವರ ವೇಗದಲ್ಲಿ ಪಾಠ ನಡೆಸಿದರೆ ಹಿಂದಿನ ಬೆಂಚಿನ ಗತಿ ಏನಾಗುವುದೆಂದು ಅವರು ಬಲ್ಲರು.

ಉಣುಗೋಲಿನ ಮುಂದೆ

ಗಿರಿಯನ್ನಿಳಿದು ಮೂಡಿಗೆರೆಯ ಕಡೆ ಹೊರಟರೆ ಬೇರೊಂದು ಬಗೆಯ ದಾರಿಗಳು ಎದುರಾಗುತ್ತವೆ. ಇಲ್ಲಿ ಎತ್ತರ ಕಡಮೆ, ತಿರುವು ಹೆಚ್ಚು. ತೋಟದಿಂದ ತೋಟಕ್ಕೆ, ಕಾಫಿ ಒಣಗಿಸುವ ಕಣದಿಂದ ಕೂಲಿಯವರ ಲೈನುಮನೆಗಳಿಗೆ, ಹಳ್ಳದ ಮೇಲಿನ ಸಂಕದಿಂದ ಆಚೆಯ ಗದ್ದೆಗೆ ಹೋಗುವ ಮಣ್ಣುದಾರಿಗಳು ಬಲೆಯಂತೆ ಹೆಣೆದುಕೊಂಡಿವೆ. ಬೆಟ್ಟದ ಸೈಕಲ್ಲಿಗೆ ಇದಕ್ಕಿಂತ ಸೊಗಸಾದ ನೆಲ ದೊರೆಯಲಾರದು. ಆದರೆ ಈ ದಾರಿಗಳಲ್ಲಿ ಒಂದೂ ಸೈಕಲ್ಲಿಗಾಗಿ ಆದುದಲ್ಲ, ವಿನೋದಕ್ಕಾಗಿ ಆದುದೂ ಅಲ್ಲ. ಪ್ರತಿಯೊಂದರ ಹಿಂದೆಯೂ ಯಾರದೋ ಅಗತ್ಯವಿದೆ. ಬಲ್ಲಾಳರಾಯನ ದುರ್ಗದ ಬುಡದಲ್ಲಿ ಸುಂಕಸಾಲೆ ಎಂಬ ಊರಿದೆ. ಘಟ್ಟ ಹತ್ತಿ ಇಳಿಯುವ ಸರಕಿಗೆ ಅಲ್ಲಿ ಸುಂಕ ಎತ್ತುತ್ತಿದ್ದಿರಬೇಕೆಂದು ಹೆಸರೇ ಸೂಚಿಸುತ್ತದೆ. ನಾವು ಸಾಹಸವೆಂದು ಹೋಗುವ ದಾರಿಯಲ್ಲಿ ಒಂದು ಕಾಲಕ್ಕೆ ಹೇರೆತ್ತುಗಳು ಉಪ್ಪನ್ನೂ ಅಕ್ಕಿಯನ್ನೂ ಹೊತ್ತು ಸಾಗುತ್ತಿದ್ದುವು.

ಅಂಥ ದಾರಿಯಲ್ಲಿ ಹೋಗುವಾಗ ಅಡ್ಡ ಬರುವುದು ಉಣುಗೋಲು. ಎರಡು ಕಂಬಗಳ ತೂತಿನಲ್ಲಿ ಗಳುಗಳನ್ನು ತೂರಿಸಿ ಮಾಡಿದ ಈ ಬಾಗಿಲಿಗೆ ಬೀಗವಿಲ್ಲ. ಕೈಯಿಂದ ಸರಿಸಿ ಯಾರೂ ದಾಟಬಹುದು. ದನ ಒಳಗೆ ನುಗ್ಗದಂತೆ ಮಾಡಿದ ಏರ್ಪಾಡು ಇದು. ಆದರೆ ತೆಗೆದವನು ಮತ್ತೆ ಹಾಕಿಯೇ ಹೋಗಬೇಕು. ಐವರು ಸವಾರರಲ್ಲಿ ಮೊದಲನೆಯವನು ಗಳು ಸರಿಸಿ ನಿಂತಿರಬೇಕು, ಕೊನೆಯವನು ದಾಟಿದ ಮೇಲೆ ಹಾಕಬೇಕು. ‘ಹಿಂದಿನವನು ಹಾಕಿಕೊಂಡು ಬರುತ್ತಾನೆ’ ಎಂದು ಪ್ರತಿಯೊಬ್ಬನೂ ಭಾವಿಸಿದರೆ, ಮರುದಿನ ಯಾರದೋ ಗದ್ದೆ ದನದ ಪಾಲಾಗುತ್ತದೆ. ಅದರ ಮರುದಿನ ಉಣುಗೋಲಿನ ಜಾಗದಲ್ಲಿ ಕಬ್ಬಿಣದ ಗೇಟೂ ಬೀಗವೂ ಬರುತ್ತವೆ. ಆ ಬೀಗ ಸವಾರರನ್ನಷ್ಟೇ ತಡೆಯುವುದಿಲ್ಲ. ಆ ದಾರಿಯಲ್ಲಿ ಶಾಲೆಗೆ ಹೋಗುತ್ತಿದ್ದ ಮಗುವೂ, ಸೌದೆ ತರುತ್ತಿದ್ದ ಮುದುಕಿಯೂ ಸುತ್ತುಬಳಸಿ ಹೋಗಬೇಕಾಗುತ್ತದೆ.

ತೋಟದ ದಾರಿ ತೋಟದ ಯಜಮಾನನದು. ಅವನನ್ನೋ, ತೋಟದ ರೈಟರನ್ನೋ ಮೊದಲೇ ಕಂಡು ಕೇಳಿಕೊಂಡರೆ ಸಾಮಾನ್ಯವಾಗಿ ಒಪ್ಪಿಗೆ ಸಿಗುತ್ತದೆ; ಎಷ್ಟೋ ವೇಳೆ ಒಂದು ಲೋಟ ಕಾಫಿಯೂ ಸಿಗುತ್ತದೆ. ಕಾಲವನ್ನೂ ನೋಡಬೇಕು. ನವೆಂಬರಿನಿಂದ ಫೆಬ್ರವರಿಯವರೆಗೆ, ಮೊದಲು ಅರೇಬಿಕಾ ಅನಂತರ ರೊಬಸ್ಟಾ ಹಣ್ಣಿನ ಕೊಯ್ಲು. ದಾರಿಯ ತುಂಬ ಕುಕ್ಕೆಗಳು, ಚೀಲಗಳು, ಟ್ರ್ಯಾಕ್ಟರು, ಕೆಲಸದ ಹೆಂಗಸರು. ಅವರ ನಡುವೆ ಗಂಟೆ ಬಾರಿಸುತ್ತ ನುಗ್ಗುವುದು ಅಸಭ್ಯತನ. ಇಳಿದು ತಳ್ಳಿಕೊಂಡು ಹೋಗುವುದೇ ಮರ್ಯಾದೆ. ‘ಈ ದಾರಿ ಎಲ್ಲಿಗೆ ಹೋಗುತ್ತೆ ಅಕ್ಕಾ?’ ಎಂದರೆ, ‘ಎಲ್ಲಿಗೂ ಹೋಗಲ್ಲ ಮಾರಾಯ್ರೆ, ನಮ್ಮ ಲೈನಿಗೆ ಹೋಗುತ್ತೆ ಅಷ್ಟೆ’ ಎಂಬ ಉತ್ತರ ಬಂದೀತು. ಆ ಉತ್ತರದಲ್ಲಿ ಭೂಪಟ ಹೇಳದ ಎಷ್ಟೋ ವಿಷಯವಿರುತ್ತದೆ: ಮುಂದೆ ಸಂಕ ಮುರಿದಿದೆ, ನಿನ್ನೆ ರಾತ್ರಿ ಆನೆ ಬಂದಿತ್ತು, ಕೆಳಗಿನ ಮನೆಯ ನಾಯಿ ಒಳ್ಳೆಯದಲ್ಲ. ಮೂಡಿಗೆರೆ, ಚಿಕ್ಕಮಗಳೂರು ತಾಲ್ಲೂಕುಗಳ ತೋಟಗಳಲ್ಲಿ ಆನೆಯ ಹಾವಳಿ ಜೀವಗಳನ್ನು ಬಲಿ ತೆಗೆದುಕೊಂಡಿದೆ. ಸೈಕಲ್ಲು ಸದ್ದಿಲ್ಲದ ವಾಹನ. ಅದರ ಸವಾರ ತಿರುವಿನಲ್ಲಿ ಆನೆಯನ್ನೋ ಕಾಟಿಯನ್ನೋ ಬೆಚ್ಚಿಬೀಳಿಸುವ ಸಂಭವ ಹೆಚ್ಚು. ಹೊತ್ತು ಮೂಡುವ ಮೊದಲೂ ಮುಳುಗಿದ ಮೇಲೂ ತೋಟದೊಳಗೆ ಸವಾರಿ ಮಾಡಬಾರದೆಂದು ಊರವರು ಹೇಳಿದರೆ ಅದನ್ನು ಪಾಲಿಸಬೇಕು.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯನ್ನು ಓದಿದವರಿಗೆ ಇದು ಹೊಸತಲ್ಲ. ಮೂಡಿಗೆರೆಯ ಸುತ್ತಿನ ಕಾಡಿನಲ್ಲಿ ಹಾರುವ ಓತಿಯನ್ನು ಹುಡುಕಿ ಹೊರಟ ಆ ವಿಚಿತ್ರ ತಂಡದಲ್ಲಿ ವಿಜ್ಞಾನಿಯೂ ಇದ್ದಾನೆ, ಲೇಖಕನೂ ಇದ್ದಾನೆ. ಆದರೆ ಅವರೆಲ್ಲ ನೆಚ್ಚಿಕೊಂಡಿರುವುದು ಮಂದಣ್ಣನೆಂಬ ಹಳ್ಳಿಯ ಹುಡುಗನ ಕಣ್ಣನ್ನು. ಬೆಟ್ಟಕ್ಕೆ ಬರುವ ಯಾವ ತಂಡಕ್ಕಾದರೂ ಒಬ್ಬ ಮಂದಣ್ಣ ಬೇಕು.

ನೀರು ಕವಲೊಡೆಯುವಲ್ಲಿ

ಕೊಟ್ಟಿಗೆಹಾರದಿಂದ ಕಳಸದ ಕಡೆ ತಿರುಗಿದಾಗ ಸವಾರ ನಾಡಿನ ನೀರಿನ ಬೆನ್ನೆಲುಬಿನ ಮೇಲೆ ಸಾಗುತ್ತಾನೆ. ಜಾವಳಿಯ ಬಳಿ ಹುಟ್ಟುವ ಹೇಮಾವತಿ ಕಾವೇರಿಯನ್ನು ಕೂಡಿಕೊಂಡು ಬಂಗಾಳ ಕೊಲ್ಲಿಯತ್ತ ನಡೆಯುತ್ತದೆ. ಇಲ್ಲಿಯೇ ಘಟ್ಟದ ಅಂಚಿನಿಂದ ಪಶ್ಚಿಮಕ್ಕೆ ಧುಮುಕುವ ಹಳ್ಳಗಳು ನೇತ್ರಾವತಿಯನ್ನು ಸೇರಿ ಅರಬ್ಬೀ ಸಮುದ್ರಕ್ಕೆ ಹೋಗುತ್ತವೆ. ಮುಂದೆ ಕಳಸವನ್ನು ಬಳಸಿ ಭದ್ರೆ ಹರಿಯುತ್ತಾಳೆ. ಹೊರನಾಡಿನ ಅನ್ನಪೂರ್ಣೆಯ ಸನ್ನಿಧಿಯಲ್ಲಿ ಬಂದವರಿಗೆಲ್ಲ ಊಟವುಂಟು. ಏರು ಹತ್ತಿ ಬಂದ ಸವಾರನಷ್ಟು ಭಕ್ತಿಯಿಂದ ಅದನ್ನು ಸ್ವೀಕರಿಸುವ ಯಾತ್ರಿಕ ವಿರಳ.

ಕಳಸದಾಚೆ ಕುದುರೆಮುಖದ ಶ್ರೇಣಿ. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಈ ಕಾಡಿನೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ಕಬ್ಬಿಣದ ಅದಿರಿನ ಗಣಿ 2005ರ ಕೊನೆಯಲ್ಲಿ ನಿಂತಿತು. ದೀರ್ಘ ಹೋರಾಟದಿಂದ ಉಳಿದ ಹುಲ್ಲುಗಾವಲು ಇದು. 1,894 ಮೀಟರಿನ ಆ ಶಿಖರವನ್ನು ಸೈಕಲ್ಲಿನ ಸವಾರ ಡಾಂಬರು ರಸ್ತೆಯಿಂದ ನೋಡಿ, ಮುಂದೆ ಹೋಗುವುದು ಯೋಗ್ಯ. ಹತ್ತುವ ಬಯಕೆಯಾದರೆ ಸೈಕಲ್ಲನ್ನು ಬಿಟ್ಟು, ಅನುಮತಿ ಪಡೆದು, ನಡೆದು ಹತ್ತಬೇಕು.

ಇಳಿಯುವ ವಿದ್ಯೆ

ಏರುವಾಗ ಬೆವರಿನಿಂದ ಗಳಿಸಿದ ಶಕ್ತಿಯೆಲ್ಲ ಇಳಿಯುವಾಗ ಎಲ್ಲಿಯಾದರೂ ಹೋಗಬೇಕಷ್ಟೆ. ವೇಗವಾಗಿ ಹೋಗದ ಪಾಲು ಬ್ರೇಕಿನ ಬಿಸಿಯಾಗಿ ಹೋಗುತ್ತದೆ. ರೀಪ್ಯಾಕಿನ ಗ್ರೀಸು ಹೊಗೆಯಾದದ್ದು ಈ ಕಾರಣದಿಂದಲೇ. ಇಂದಿನ ಡಿಸ್ಕ್ ಬ್ರೇಕುಗಳು ಎಷ್ಟೋ ಮೇಲು. ಆದರೂ ಒಂದೇ ಸಮನೆ ಹಿಡಿದುಕೊಂಡಿರದೆ, ತಿರುವಿಗೆ ಮುಂಚೆ ಎರಡನ್ನೂ ಹಿಡಿದು ವೇಗ ತಗ್ಗಿಸಿ, ತಿರುವಿನಲ್ಲಿ ಬಿಡಬೇಕು. ಪೆಡಲುಗಳು ಸಮವಾಗಿರಬೇಕು, ಮೈಯ ಭಾರ ಹಿಂದಕ್ಕೆ ಸರಿದಿರಬೇಕು, ಕಣ್ಣು ಚಕ್ರದ ಮುಂದಿನ ಕಲ್ಲನ್ನು ಬಿಟ್ಟು ದೂರದ ದಾರಿಯನ್ನು ಓದುತ್ತಿರಬೇಕು. ಹಿಂದಿನ ಚಕ್ರವನ್ನು ಬಿಗಿಹಿಡಿದು ಜಾರಿಸಿಕೊಂಡು ಹೋಗುವುದು ನೋಡಲು ವೀರತನ. ಬಲ್ಲವರಿಗೆ ಅದು ವಿದ್ಯೆ ಸಾಲದ ಗುರುತು.

ಅದರಿಂದ ಕೆಡುವುದು ಟೈರೊಂದೇ ಅಲ್ಲ. ಹುಲ್ಲುಗುಡ್ಡದ ಮಣ್ಣು ತೆಳ್ಳನೆಯದು. ಅದನ್ನು ಹಿಡಿದಿರುವುದು ಹುಲ್ಲಿನ ಬೇರು. ನೇರ ಇಳಿಜಾರಿನಲ್ಲಿ ಚಕ್ರ ಎಳೆದ ಗೆರೆ ಜೂನ್ ತಿಂಗಳ ಮೊದಲ ಮಳೆಗೆ ಕಾಲುವೆಯಾಗುತ್ತದೆ, ಆಗಸ್ಟಿನ ಹೊತ್ತಿಗೆ ಕೊರಕಲಾಗುತ್ತದೆ. ಬಾಡಿಗೆ ಜೀಪುಗಳು ಹತ್ತಿದ ಗುಡ್ಡಗಳನ್ನು ನೋಡಿದವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. ಸೈಕಲ್ಲು ಜೀಪಿನಷ್ಟು ಹಾನಿ ಮಾಡಲಾರದು, ನಿಜ. ಅಮೆರಿಕದ ಮೊಂಟಾನ ಪ್ರಾಂತದ ಬೆಟ್ಟದಾರಿಗಳಲ್ಲಿ ನಡೆದು 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒದ್ದೆ ದಾರಿಯ ಮಣ್ಣನ್ನು ಕುದುರೆಯ ಗೊರಸೂ ಮನುಷ್ಯನ ಪಾದವೂ ಚಕ್ರಗಳಿಗಿಂತ ಹೆಚ್ಚು ಸಡಿಲಿಸಿದುದು ಕಂಡುಬಂತು. ಸವಾರರು ಇದನ್ನು ತಮ್ಮ ಪರವಾದ ಸಾಕ್ಷಿಯೆಂದು ಹೇಳಿಕೊಳ್ಳುವುದುಂಟು. ಆದರೆ ಅದು ಇದ್ದ ದಾರಿಯಲ್ಲಿ ಉರುಳಿದ ಚಕ್ರದ ಮಾತು. ಹುಲ್ಲಿನ ಮೇಲೆ ಹೊಸ ದಾರಿ ಕೊರೆದ ಚಕ್ರಕ್ಕೂ, ಬ್ರೇಕು ಹಿಡಿದು ಜಾರಿದ ಚಕ್ರಕ್ಕೂ ಅದರಿಂದ ಬಿಡುಗಡೆಯಿಲ್ಲ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಂಥ ಊರುಗಳ ಮೇಲೆ ಗುಡ್ಡವೇ ಕುಸಿದುದನ್ನು ಕಂಡ ನಾಡಿನಲ್ಲಿ, ಇಳಿಜಾರಿನ ಮಣ್ಣಿನ ವಿಷಯದಲ್ಲಿ ಯಾರೂ ಹಗುರವಾಗಿ ಮಾತನಾಡುವಂತಿಲ್ಲ.

ಆಟ ಹುಟ್ಟಿದ ಮರಿನ್ ಸೀಮೆಯ ಕಥೆ ಇಲ್ಲಿ ನೆನೆಯತಕ್ಕುದು. ನಡೆಯುವವರ, ಕುದುರೆ ಸವಾರರ ದೂರುಗಳು ಬೆಳೆದು, 1980ರ ದಶಕದಲ್ಲಿ ಅಲ್ಲಿನ ಕಿರುದಾರಿಗಳು ಬಹುಪಾಲು ಸೈಕಲ್ಲಿಗೆ ಮುಚ್ಚಿಹೋದುವು. ಅಗಲವಾದ ದಾರಿಗಳಲ್ಲಿ ಗಂಟೆಗೆ 15 ಮೈಲಿ, ತಿರುವುಗಳಲ್ಲಿ 5 ಮೈಲಿಯ ಮಿತಿ ಬಂತು. ಸವಾರರ ಕಡೆಯಿಂದಲೇ 1988ರಲ್ಲಿ ಒಂದು ಅಂತರರಾಷ್ಟ್ರೀಯ ಸಂಘ ಹುಟ್ಟಿ, ತೆರೆದ ದಾರಿಯಲ್ಲೇ ಹೋಗು, ಗುರುತು ಬಿಡಬೇಡ, ಎದುರು ಬಂದವರಿಗೆ ದಾರಿ ಬಿಡು ಎಂಬ ನಿಯಮಗಳನ್ನು ಸಾರಬೇಕಾಯಿತು. ನಮ್ಮ ಗಿರಿಯಲ್ಲಿಯೂ ವಾಹನಗಳ ದಟ್ಟಣೆ ಮಿತಿಮೀರಿ, 2025ರಲ್ಲಿ ಜಿಲ್ಲಾಡಳಿತ ಮುಂಗಡ ನೋಂದಣಿಯ ಕಟ್ಟಳೆ ತಂದಿತು. ಬೇಲಿ ಬಂದ ಮೇಲೆ ಸಭ್ಯರಾಗುವುದಕ್ಕಿಂತ ಮುಂಚೆಯೇ ಸಭ್ಯರಾಗಿರುವುದು ಮೇಲಲ್ಲವೇ?

ಮಳೆಗಾಲದಲ್ಲಿ ಹುಲ್ಲುಗುಡ್ಡವನ್ನು ಅದರ ಪಾಡಿಗೆ ಬಿಡುವುದು, ಉಂಬಳಗಳಿಗೆ ಅವುಗಳ ರಾಜ್ಯವನ್ನು ಬಿಟ್ಟುಕೊಡುವುದು. ಅಕ್ಟೋಬರಿನಲ್ಲಿ ದಾರಿ ಒಣಗುವವರೆಗೆ ತಾಳುವುದು. ಕೊಯ್ಲಿನ ಹೆಂಗಸರು ದಾಟುವವರೆಗೆ ಬದಿಗೆ ನಿಲ್ಲುವುದು. ಉಣುಗೋಲಿನ ಗಳು ಹಿಡಿದು, ಕೊನೆಯ ಗೆಳೆಯ ತಿರುವಿನಲ್ಲಿ ಕಾಣಿಸಿಕೊಳ್ಳುವವರೆಗೆ ಅಲ್ಲೇ ಇರುವುದು. ವೇಗದ ಆಟವೆಂದು ಹೆಸರಾದ ಇದರಲ್ಲಿ ನಿಲ್ಲಬೇಕಾದ ತಾಣಗಳು ಇಷ್ಟಿವೆ. ಗೇರು ಬದಲಿಸುವುದನ್ನು ಒಂದು ಬೆಳಗಿನಲ್ಲಿ ಕಲಿಯಬಹುದು. ನಿಲ್ಲುವುದನ್ನು ಕಲಿಯಲು ಹಲವು ಸವಾರಿಗಳು ಬೇಕು, ಒಳ್ಳೆಯ ಗೆಳೆಯರೂ ಬೇಕು.